ಮರ್ಯಾದೆ ಅಮೀನನ ಶನಿವಾರ

ಕೋರ್ಟಿನ ಕಾಗದ ಹಿಡಿದು ಬಂದವನನ್ನು ಒಳಗೆ ಕರೆದು, ಕುರ್ಚಿ ಹಾಕಿ, ಟೀ ಕೊಡುವವರು ಎಲ್ಲಾದರೂ ಇರುತ್ತಾರೆಯೇ ಅಂತ ನೀವು ಕೇಳಬಹುದು. ಇರುತ್ತಾರೆ. ನಮ್ಮ ಅಮೀನನ ಹೊಟ್ಟೆ ಕೆಟ್ಟಿದ್ದೇ ಅಂಥ ಟೀ ಕುಡಿದು ಕುಡಿದು. ಮೂವತ್ತೊಂದು ವರ್ಷ ಅವನು ಮಾಡಿದ್ದು ಒಂದೇ ಕೆಲಸ. ನ್ಯಾಯಾಧೀಶರು ಸೈನ್ ಹಾಕಿದ ಕಾಗದವನ್ನು ಯಾರ ಹೆಸರಿಗೆ ಬರೆದಿದೆಯೋ ಅವರ ಕೈಗೆ ಮುಟ್ಟಿಸಬೇಕು, ಮುಟ್ಟಿತು ಅಂತ ಅವರ ಸೈನ್ ತರಬೇಕು, ಎಷ್ಟು ಗಂಟೆಗೆ, ಎಲ್ಲಿ, ಯಾರಿಗೆ ಅಂತ ಹಿಂಬದಿಯಲ್ಲಿ ಶರಾ ಬರೆಯಬೇಕು. ಬೇರೆ ಅಮೀನರ ಮೇಲೆ ಜನ ನಾಯಿ ಬಿಟ್ಟಿದ್ದಾರೆ, ನೀರು ಎರಚಿದ್ದಾರೆ, ಒಬ್ಬನ ಚೀಲವನ್ನು ಎರಡನೇ ಮಹಡಿಯಿಂದ ಕೆಳಗೆ ಎಸೆದಿದ್ದಾರೆ. ಇವನ ಮೇಲೆ ಒಬ್ಬರೂ ದನಿ ಏರಿಸಿದ್ದಿಲ್ಲ. ಅದಕ್ಕೇ ಕೋರ್ಟಿನಲ್ಲಿ ಇವನಿಗೆ ಮರ್ಯಾದೆ ಅಮೀನ ಅಂತ ಹೆಸರು. ತಮಾಷೆಗೆ ಇಟ್ಟ ಹೆಸರು ಬರುಬರುತ್ತಾ ಬಿರುದೇ ಆಗಿಹೋಯಿತು.

ಗುಟ್ಟೇನೂ ದೊಡ್ಡದಲ್ಲ. ಹೋಗುವ ಮುಂಚೆ ಫೋನ್ ಮಾಡುತ್ತಿದ್ದ, ಅಷ್ಟೇ. "ಕೋರ್ಟಿಂದ ಮಾತಾಡ್ತಿರೋದು. ನಿಮ್ಮ ಹೆಸರಿಗೊಂದು ಕಾಗದ ಇದೆ. ಯಾವಾಗ ಬಂದ್ರೆ ನಿಮಗೆ ಅನುಕೂಲ?" ಹೋಗುವಾಗ ಎದೆಯ ಮೇಲಿನ ಬಿಲ್ಲೆ ತೆಗೆದು ಜೇಬಿಗೆ ಹಾಕಿಕೊಳ್ಳುತ್ತಿದ್ದ. ಲಕೋಟೆಯನ್ನು ಹಳೇ ಪೇಪರಿನೊಳಗೆ ಮಡಿಸಿಟ್ಟುಕೊಳ್ಳುತ್ತಿದ್ದ. ಅಕ್ಕಪಕ್ಕದವರು ಇವನ್ಯಾರೋ ವಿಮೆ ಮಾಡಿಸುವವನು ಅಂದುಕೊಳ್ಳಬೇಕು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಕೆಲಸ ಮುಗಿಸಿ ಬರುತ್ತಿದ್ದ. ಮನೆ ಮಾಲೀಕ ಬಾಡಿಗೆದಾರರ ಜಗಳ, ಅಣ್ಣತಮ್ಮಂದಿರ ಪಾಲು, ಗಡಿ ತಕರಾರು, ಎಲ್ಲದಕ್ಕೂ ಅದೇ ಮಂತ್ರ. ಬೇರೆಯವರ ಕಾಗದಗಳು "ಮನೆಯಲ್ಲಿ ಇಲ್ಲ" ಅಂತ ನಾಲ್ಕು ನಾಲ್ಕು ಸಲ ವಾಪಸ್ ಬರುವಾಗ ಇವನದು ಒಂದೇ ಏಟಿಗೆ ಮುಗಿಯುತ್ತಿತ್ತು. ಹಾಗಾಗಿ ಹೆಡ್ ಕ್ಲರ್ಕ್ ಕೂಡ ಕಂಡೂ ಕಾಣದ ಹಾಗಿದ್ದಳು.

ಇದಕ್ಕೊಂದು ಹಿಂದಿನ ಕತೆ ಇತ್ತು. ಒಂಬತ್ತು ವರ್ಷದವನಿದ್ದಾಗ ಇವರ ಮನೆ ಖಾಲಿ ಮಾಡಿಸಲು ಕೋರ್ಟಿನವರು ಬಂದಿದ್ದರು. ದೊಡ್ಡಪ್ಪ ಹಾಕಿದ ಕೇಸು. ಹಾಡುಹಗಲು, ಬೀದಿ ತುಂಬಾ ಜನ. ಅಪ್ಪ ಬನಿಯನ್ನಿನಲ್ಲಿ ನಿಂತಿದ್ದ. ಅಮ್ಮನ ಹಾಸಿಗೆ, ಮಾತ್ರೆಯ ಡಬ್ಬಿ, ಒಲೆ ಮೇಲಿದ್ದ ಪಾತ್ರೆಯನ್ನು ಕೂಡ ಬಿಡದೆ ಒಂದೊಂದನ್ನೂ ಗಟ್ಟಿಯಾಗಿ ಕೂಗಿ ಹೇಳುತ್ತಾ ಹೊರಗಿಟ್ಟರು. ಅಪ್ಪ ಆಮೇಲೆ ಬದುಕಿದ ಹದಿನಾಲ್ಕು ವರ್ಷದಲ್ಲಿ ಒಂದು ದಿನವೂ ಆ ಬೀದಿಯಲ್ಲಿ ನಡೆಯಲಿಲ್ಲ. ಮನೆ ಹೋದದ್ದಕ್ಕಲ್ಲ, ಜನ ನೋಡಿದ್ದಕ್ಕೆ. ಮುಂದೆ ತಾನೇ ಅಮೀನನಾದಾಗ ಇವನು ಒಂದು ತೀರ್ಮಾನ ಮಾಡಿಕೊಂಡ: ನನ್ನ ಕೈಯಿಂದ ಯಾರೂ ನಾಲ್ಕು ಜನರ ಮುಂದೆ ತಲೆ ತಗ್ಗಿಸಬಾರದು. ಒಳ್ಳೆಯ ತೀರ್ಮಾನವೇ. ಒಳ್ಳೆಯವರ ತೀರ್ಮಾನಗಳಿಂದ ಎಷ್ಟು ಮನೆ ಹಾಳಾಗಿವೆ ಅಂತ ಲೆಕ್ಕ ಇಟ್ಟವರು ಯಾರು?

ಈಗ ಆ ಹೆಂಗಸಿನ ವಿಷಯಕ್ಕೆ ಬರೋಣ. ಅವಳು ಗಾರ್ಮೆಂಟ್ಸ್‌ನಲ್ಲಿ ಶರ್ಟಿಗೆ ಕಾಲರ್ ಹೊಲಿಯುವವಳು. ಗಂಡನದು ಊರಾಚೆ ಬೈಕ್ ರಿಪೇರಿ ಗ್ಯಾರೇಜು. ಮೂರು ವಾರದ ಹಿಂದೆ ಮಗಳನ್ನು ಕರೆದುಕೊಂಡು ಅಕ್ಕನ ಮನೆ ಸೇರಿದ್ದಳು. ಅಲ್ಲಿಂದ ಯಾರಿಗೂ ಹೇಳದೆ ಅರ್ಧ ದಿನ ರಜೆ ಹಾಕಿ ಹಾಕಿ ಕೋರ್ಟಿಗೆ ಬರುತ್ತಿದ್ದಳು. ಮೊದಲ ಸಲ ಬಂದಾಗ ಆಸ್ಪತ್ರೆ ಚೀಟಿಯ ಮೇಲೆ ಡಾಕ್ಟರ ಮೊಹರಿಲ್ಲ ಅಂತ ಅರ್ಜಿ ವಾಪಸ್ಸು. ಇನ್ನೊಂದು ಸಲ ನ್ಯಾಯಾಧೀಶರು ರಜೆ. ಮತ್ತೊಂದು ಸಲ ಗಂಡನ ವಿಳಾಸದಲ್ಲಿ ಮನೆ ನಂಬರ್ ತಪ್ಪು. ಅವಳಿಗೆ ಸರ್ಕಾರದಿಂದ ಕೊಟ್ಟ ಪುಕ್ಕಟೆ ವಕೀಲ ಒಂದು ದಿನ ಬಂದರೆ ಎರಡು ದಿನ ಇಲ್ಲ. ಆರನೇ ಸಲಕ್ಕೆ, ಒಂದು ಶುಕ್ರವಾರ ಸಂಜೆ, ಆದೇಶವಾಯಿತು: ಗಂಡ ಅವಳ ಮೈ ಮುಟ್ಟಕೂಡದು, ಹೆದರಿಸಕೂಡದು, ಅಕ್ಕನ ಮನೆ ಮತ್ತು ಗಾರ್ಮೆಂಟ್ಸ್ ಹತ್ತಿರ ಸುಳಿಯಕೂಡದು. ಮೀರಿದರೆ ನೇರ ಜೈಲು.

ಆದರೆ ಆ ಜೈಲಿಗೊಂದು ಹೊಸ್ತಿಲಿತ್ತು. ಆದೇಶ ಅವನ ಕೈಗೆ ಮುಟ್ಟಿರಬೇಕು, ಇಲ್ಲಾ ಆದೇಶವಾಗಿದೆ ಅಂತ ಅವನಿಗೆ ಗೊತ್ತಿತ್ತು ಅನ್ನುವುದಾದರೂ ಸಾಬೀತಾಗಬೇಕು. ಅದಕ್ಕೆ ಮುಂಚೆ ಅವನು ಏನು ಮಾಡಿದರೂ ಅದು ಆದೇಶ ಮೀರಿದ್ದಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಇಲ್ಲಿ ಪೂಜಾರಿ ನಮ್ಮ ಅಮೀನ.

ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಹೆಡ್ ಕ್ಲರ್ಕ್ ಲಕೋಟೆ ಕೊಟ್ಟಳು. ಮೇಲೆ ಕೆಂಪು ಮೊಹರು: ಮುನ್ಸೂಚನೆ ಕೊಡಕೂಡದು, ಅದೇ ದಿನ ಜಾರಿ. ಈ ಜಾತಿಯ ಕಾಗದಗಳಿಗಂತಲೇ ಎರಡು ವರ್ಷದ ಹಿಂದೆ ಸುತ್ತೋಲೆ ಬಂದಿತ್ತು, ಅಮೀನನೂ ಓದಿ ಸೈನ್ ಹಾಕಿದ್ದ. ಓದಿದ್ದನೋ ಬಿಟ್ಟಿದ್ದನೋ, ಸೈನ್ ಮಾತ್ರ ಇತ್ತು.

"ಇವತ್ತೇ ಹೋಗ್ಬಿಡಿ," ಅಂದಳು ಹೆಡ್ ಕ್ಲರ್ಕ್. "ಬೇಕಿದ್ರೆ ಸ್ಟೇಷನ್ನಿಂದ ಒಬ್ಬ ಪೊಲೀಸ್ನ ಕರ್ಕೊಂಡು ಹೋಗಿ."

"ಪೊಲೀಸ್ ಯಾಕೆ ಮೇಡಂ, ಗಾಯಕ್ಕೆ ಉಪ್ಪು ಹಚ್ಚಿದ ಹಾಗೆ," ಅಂದ ಅಮೀನ.

ವರಾಂಡದಲ್ಲಿ ಅವಳು ಕಾಯುತ್ತಿದ್ದಳು. ಆವತ್ತು ಬರಬೇಕಾದ ಅಗತ್ಯವೇ ಇರಲಿಲ್ಲ, ಆದರೂ ಬಂದಿದ್ದಳು. ಕಾಗದ ಯಾರ ಕೈಯಲ್ಲಿ ಹೋಗುತ್ತದೆ ಅಂತ ಕೇಳಿ ತಿಳಿದುಕೊಂಡಿದ್ದಳು.

"ಅಣ್ಣಾ, ಇವತ್ತೇ ಕೊಡ್ತೀರಲ್ವಾ?"

"ಕೊಡ್ತೀನಮ್ಮ. ನನ್ನ ಕೈಗೆ ಬಂದಿದ್ದು ಮುಟ್ಟದೇ ಇದ್ದದ್ದಿಲ್ಲ. ನೀನು ಮನೆಗೆ ಹೋಗು."

"ಅವರಿಗಿನ್ನೂ ಏನೂ ಗೊತ್ತಿಲ್ಲ ಅಣ್ಣ. ಮುನಿಸ್ಕೊಂಡು ಹೋಗಿದ್ದಾಳೆ, ತಾನೇ ಬರ್ತಾಳೆ ಅಂದ್ಕೊಂಡಿದ್ದಾರೆ. ಅದಕ್ಕೇ ಸುಮ್ನಿದ್ದಾರೆ. ಕಾಗದ ಕೈಗೆ ಬರೋವರೆಗೂ ಗೊತ್ತಾಗ್ಬಾರದು."

"ಆಯ್ತಮ್ಮ," ಅಂದ ಅವನು. ಮೂವತ್ತೊಂದು ವರ್ಷದಲ್ಲಿ ಸಾವಿರ ಸಲ ಅಂದ ಆಯ್ತಮ್ಮ. ಕಿವಿ ಕೇಳಿತು, ತಲೆಗೆ ಹೋಗಲಿಲ್ಲ.

ಅವಳು ಅತ್ತ ಹೋದಳು, ಇವನು ಇತ್ತ ಆಫೀಸಿನೊಳಗೆ ಬಂದು ಕಿಟಕಿ ಪಕ್ಕದ ಮೇಜಿನ ಮೇಲಿದ್ದ ಫೋನ್ ಎತ್ತಿದ. ಶನಿವಾರ ಅರ್ಧ ದಿನ. ಗ್ಯಾರೇಜು ಊರಾಚೆ, ಎರಡು ಬಸ್ಸು ಬದಲಾಯಿಸಬೇಕು, ಮೊಣಕಾಲು ಹೇಳಿದ ಮಾತು ಕೇಳುವುದಿಲ್ಲ. ಅಷ್ಟು ದೂರ ಹೋದ ಮೇಲೆ ಆಸಾಮಿ ಇಲ್ಲದಿದ್ದರೆ? ಜೊತೆಗೆ ಗ್ಯಾರೇಜೆಂದರೆ ಗಿರಾಕಿಗಳು ನಿಂತಿರುತ್ತಾರೆ, ಅವರೆದುರಿಗೆ ಹೆಂಡತಿ ಕೊಟ್ಟ ಕೇಸಿನ ಕಾಗದ ಹಿಡಿಸುವುದು ಚೆಂದವಲ್ಲ. ಅವನ ಮನಸ್ಸಿಗೆ ಬಂದದ್ದು ಇಷ್ಟೇ. ಕಾಗದದಲ್ಲಿದ್ದ ಗ್ಯಾರೇಜಿನ ನಂಬರು ಒತ್ತಿದ.

"ಕೋರ್ಟಿಂದ ಮಾತಾಡ್ತಿರೋದು. ನಿಮ್ಮ ಹೆಸರಿಗೊಂದು ಆದೇಶ ಇದೆ."

"ನನ್ನ ಹೆಸರಿಗಾ? ಯಾರು ಕೇಸ್ ಹಾಕಿದ್ದು ಸಾರ್?"

"ಮನೆಯವರು. ಗಾಬರಿ ಆಗ್ಬೇಡಿ, ಇದೆಲ್ಲಾ ಸಂಸಾರದಲ್ಲಿ ಇದ್ದದ್ದೇ. ಮುಂದಿನ ತಾರೀಕಿನವರೆಗೆ ನೀವು ಅವರ ಹತ್ತಿರ ಹೋಗೋ ಹಾಗಿಲ್ಲ, ಅಷ್ಟೇ."

ಆ ಕಡೆ ಯಾವುದೋ ಬೈಕಿನ ಎಂಜಿನ್ ಗುರುಗುಟ್ಟುವುದು ಕೇಳಿಸುತ್ತಿತ್ತು, ಅದು ನಿಂತಿತು.

"ಅವಳೇ ಸೈನ್ ಹಾಕಿದ್ದಾಳಾ ಸಾರ್, ಇಲ್ಲಾ ಅವರಕ್ಕ ಹಾಕ್ಸಿದ್ದಾ?"

ಅಮೀನ ಆದೇಶದ ಜೊತೆಗಿದ್ದ ಅರ್ಜಿಯ ಪ್ರತಿ ತಿರುವಿ ನೋಡಿದ. ಕೇಳಿದವರಿಗೆ ಉತ್ತರ ಕೊಡದೆ ಇರುವುದು ಅವನಿಗೆ ಗೊತ್ತಿಲ್ಲ. "ಅವರೇ ಹಾಕಿದ್ದಾರೆ. ಪೂರ್ತಿ ಹೆಸರು ಬರೆದು."

"ಆಯ್ತು ಸಾರ್. ಇವತ್ತು ನಾನು ಬೇರೆ ಊರಲ್ಲಿದ್ದೀನಿ. ಸೋಮವಾರ ಹತ್ತು ಗಂಟೆಗೆ ಗ್ಯಾರೇಜಿಗೆ ಬನ್ನಿ, ತಗೋತೀನಿ. ನೀವು ಮೊದಲೇ ಹೇಳಿದ್ದು ಬಹಳ ಉಪಕಾರ ಆಯ್ತು."

ಬೇರೆ ಊರಲ್ಲಿದ್ದವನು ಗ್ಯಾರೇಜಿನ ಫೋನ್ ಎತ್ತಿದ್ದು ಹೇಗೆ ಅಂತ ಒಂದು ಮಾತು ಕೇಳಬಹುದಿತ್ತು. ಆದರೆ ಎದುರಿನವರು ಸುಳ್ಳು ಹೇಳುತ್ತಿದ್ದಾರೆ ಅಂತ ತೋರಿಸಿಕೊಡುವುದು ಮರ್ಯಾದೆಯಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಅಮೀನ ಲಕೋಟೆಯನ್ನು ಚೀಲಕ್ಕೆ ಹಾಕಿಕೊಂಡು ಒಂದೂವರೆಯ ಬಸ್ಸಿಗೆ ಮನೆಗೆ ಹೋದ.

ಭಾನುವಾರ ಮನೆಯಲ್ಲಿ ಮೊಣಕಾಲಿಗೆ ಎಣ್ಣೆ ಹಚ್ಚಿಸಿಕೊಂಡ. ನಾಲ್ಕು ತಿಂಗಳಿಗೆ ನಿವೃತ್ತಿ, ಬೀಳ್ಕೊಡುಗೆ ದಿನ ಯಾವ ಶರ್ಟು ಹಾಕಿಕೊಳ್ಳುವುದು ಅಂತ ಹೆಂಡತಿಯ ಹತ್ತಿರ ಚರ್ಚೆ ಮಾಡಿದ. "ಯಾವುದು ಹಾಕ್ಕೊಂಡ್ರೂ ಮುಖ ಅದೇ ತಾನೇ," ಅಂದಳು ಅವಳು. ಇಬ್ಬರೂ ನಕ್ಕರು. ಲಕೋಟೆ ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದ್ದ ಚೀಲದಲ್ಲಿತ್ತು.

ಸೋಮವಾರ ಹತ್ತಕ್ಕೆ ಸರಿಯಾಗಿ ಗ್ಯಾರೇಜಿಗೆ ಹೋದ. ಗಂಡ ಕೈಯ ಗ್ರೀಸ್ ಒರೆಸಿಕೊಂಡು ಎದ್ದು ಬಂದು ಕುರ್ಚಿ ಹಾಕಿದ, ಟೀ ತರಿಸಿದ. ಮೂವತ್ತೈದರ ಆಸುಪಾಸು, ಸಣ್ಣಗೆ, ಮೆತ್ತಗೆ ಮಾತಾಡುವವನು. ಕತ್ತಿನ ಎಡಗಡೆ ಮೂರು ಉಗುರು ಗೀರು, ಇನ್ನೂ ಹಸಿ. ಅಮೀನನ ಕಣ್ಣಿಗೆ ಬಿತ್ತು. ಕೇಳಲಿಲ್ಲ. ಕೇಳದಿದ್ದರೂ ಅವನೇ "ಬೆಕ್ಕು ಪರಚಿಬಿಡ್ತು ಸಾರ್" ಅಂದ. ಆದೇಶವನ್ನು ಒಂದೊಂದೇ ಸಾಲು ಓದಿ, ಪೆನ್ನು ಕೇಳಿ, ಸೈನ್ ಹಾಕಿ, ಪಕ್ಕದಲ್ಲಿ ತಾರೀಕು, ಅದರ ಕೆಳಗೆ ಹತ್ತು ಗಂಟೆ ಹದಿನೈದು ನಿಮಿಷ ಅಂತ ತಾನೇ ಬರೆದ. ಗಂಟೆ ಬರೆಯಿರಿ ಅಂತ ಅವನಿಗೆ ಯಾರೂ ಹೇಳಿರಲಿಲ್ಲ. ಎಷ್ಟು ಅಚ್ಚುಕಟ್ಟಿನ ಮನುಷ್ಯ ಅಂದುಕೊಂಡು ಅಮೀನ ಟೀ ಮುಗಿಸಿದ.

ಮಂಗಳವಾರ ಅವಳು ಕೋರ್ಟಿಗೆ ಬಂದಳು. ಬಲಗೈ ಬೆರಳುಗಳಿಂದ ಮೊಣಕೈವರೆಗೆ ಪ್ಲಾಸ್ಟರ್. ಒಂದು ಕಣ್ಣು ಮುಚ್ಚಿಹೋಗಿತ್ತು. ಪಕ್ಕದಲ್ಲಿ ಅಕ್ಕ, ಗಂಡ ಆದೇಶ ಮೀರಿದ ಅಂತ ಸೋಮವಾರ ಅರ್ಜಿ ಕೊಟ್ಟವಳು. ಪುಕ್ಕಟೆ ವಕೀಲ ಆವತ್ತು ಇನ್ನೊಂದು ಕೋರ್ಟಿನಲ್ಲಿದ್ದ. ಕೋರ್ಟಿನ ಕರೆಗೆ ಗಂಡನೂ ಬಂದಿದ್ದ, ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ತನ್ನ ವಕೀಲನ ಹಿಂದೆ ಕೈಕಟ್ಟಿ ನಿಂತಿದ್ದ. ಸೋಮವಾರ ಕೊಟ್ಟ ಕಾಗದದ ಶರಾ ಬಗ್ಗೆ ಅವನೇ ಬಂದು ಹೇಳಬೇಕು ಅಂತ ಅಮೀನನನ್ನೂ ಕರೆಸಿದ್ದರು.

ಅವಳೇ ಹೇಳಿದಳು, ಅಳದೆ ಹೇಳಿದಳು. ಭಾನುವಾರ ಅಕ್ಕ ಕೆಲಸಕ್ಕೆ ಹೋದ ಮೇಲೆ ಗಂಡ ಬಂದ. ಮಗಳನ್ನು ಬಚ್ಚಲು ಮನೆಗೆ ಹಾಕಿ ಚಿಲಕ ಹಾಕಿದ. "ಕೋರ್ಟಿನ ಅಮೀನರು ಫೋನ್ ಮಾಡಿ ಎಲ್ಲಾ ಹೇಳಿದ್ದಾರೆ ಅಂದ್ರು ಮೇಡಂ. ಹತ್ತಿರ ಹೋಗೋ ಹಾಗಿಲ್ಲ ಅಂತ ಆದೇಶ ಆಗಿದೆಯಂತೆ, ಸೋಮವಾರ ಕಾಗದ ಬರುತ್ತಂತೆ, ಅಷ್ಟರವರೆಗೆ ನನ್ನನ್ನ ಯಾರೂ ಏನೂ ಮಾಡೋಕಾಗಲ್ಲ ಅಂದ್ರು. ಯಾವ ಕೈಯಲ್ಲಿ ಸೈನ್ ಹಾಕಿದೆ ಅಂತ ಕೇಳಿದ್ರು. ಆ ಕೈಯನ್ನ ಬಾಗಿಲ ಸಂದಿಯಲ್ಲಿಟ್ಟು ಬಾಗಿಲು ಹಾಕಿದ್ರು. ಮೂರು ಸಲ."

ಗಂಡನ ವಕೀಲ ಎದ್ದ. ಭಾನುವಾರ ತನ್ನ ಕಕ್ಷಿದಾರ ಅಲ್ಲಿಗೆ ಹೋಗಿಯೇ ಇಲ್ಲ, ಹೋಗಿದ್ದರೂ ಆದೇಶ ಗೊತ್ತಾದದ್ದು ಸೋಮವಾರ ಹತ್ತೂಕಾಲಕ್ಕೆ, ಅದು ಅಮೀನರ ಶರಾದಲ್ಲೇ ಇದೆ ಅಂದ.

ನ್ಯಾಯಾಧೀಶೆ ಈ ಕೋರ್ಟಿಗೆ ಹೊಸಬಳು, ಬಂದು ಐದು ತಿಂಗಳಾಗಿತ್ತು. ಕನ್ನಡಕ ತೆಗೆದು ಅಮೀನನ ಕಡೆ ನೋಡಿದಳು.

"ಅಮೀನರೇ, ಶನಿವಾರ ನಿಮ್ಮ ಕೈಗೆ ಬಂದ ಆದೇಶ ಸೋಮವಾರದವರೆಗೆ ಯಾಕೆ ಉಳೀತು ಅನ್ನೋದು ಆಮೇಲೆ. ಮೊದಲು ಇದನ್ನ ಹೇಳಿ. ಶನಿವಾರ ಇವರಿಗೆ ಫೋನ್ ಮಾಡಿ ಆದೇಶದ ವಿಷಯ ಹೇಳಿದ್ರಾ?"

ಅವನು ಹೌದು ಅಂದರೆ ಸಾಕಿತ್ತು. ಗಂಡನಿಗೆ ಶನಿವಾರವೇ ಗೊತ್ತಿತ್ತು, ಗೊತ್ತಿದ್ದೂ ಭಾನುವಾರ ಹೋದ, ಆದೇಶ ಮೀರಿದ. ಕೋರ್ಟ್ ಹಾಲಿನಿಂದಲೇ ನೇರ ಜೈಲು. ಮುಂದಿನ ವಿಚಾರಣೆಯವರೆಗಾದರೂ ಅವಳು ಕಣ್ಣುಮುಚ್ಚಿ ನಿದ್ದೆ ಮಾಡಬಹುದಿತ್ತು. ಅಷ್ಟೆಲ್ಲಾ ಆ ಮುದುಕನ ಒಂದು ಮಾತಿನ ಮೇಲೆ ನಿಂತಿತ್ತು.

ಆ ಹಾಲಿನಲ್ಲಿ ಇವನು ಫೋನ್ ಮಾಡುತ್ತಾನೆ ಅಂತ ಗೊತ್ತಿದ್ದವರು ನಾಲ್ಕು ಜನರಾದರೂ ಇದ್ದರು. ಹೆಡ್ ಕ್ಲರ್ಕ್ ರಿಜಿಸ್ಟರಿನಲ್ಲಿ ಗೆರೆ ಎಳೆಯತೊಡಗಿದಳು. ಟೈಪಿಸ್ಟ್ ಕಾಗದ ಸರಿಮಾಡಿದ. ಬಾಗಿಲ ಬಳಿಯ ಜವಾನ ಮೇಲೆ ಫ್ಯಾನ್ ನೋಡಿದ. ಒಬ್ಬರೂ ಇವನ ಮುಖ ನೋಡಲಿಲ್ಲ. ಅದೂ ಮರ್ಯಾದೆಯೇ.

ಪಿಂಚಣಿಗೆ ಹೆದರಿದ ಅಂತ ಹೇಳಿಬಿಟ್ಟರೆ ಸುಲಭ. ಆದರೆ ಆ ಗಳಿಗೆಯಲ್ಲಿ ಪಿಂಚಣಿ ಅವನ ನೆನಪಿಗೇ ಬರಲಿಲ್ಲ. ಬೆಂಚುಗಳ ತುಂಬಾ ಕೂತ ಜನ ಕಂಡರು, ಅಷ್ಟೂ ಕಣ್ಣು ತನ್ನ ಮೇಲೆ. ಇಷ್ಟು ವರ್ಷ ಯಾರನ್ನೂ ನಿಲ್ಲಿಸದ ಜಾಗದಲ್ಲಿ ತಾನೇ ನಿಂತಿದ್ದ.

"ಇಲ್ಲ ಮೇಡಂ," ಅಂದ. ಅಷ್ಟಕ್ಕೇ ಬಿಡಬಹುದಿತ್ತು, ಬಿಡಲಿಲ್ಲ. "ನಾನ್ಯಾಕೆ ಮಾಡ್ಲಿ ಮೇಡಂ? ಮೂವತ್ತೊಂದು ವರ್ಷದ ಸರ್ವಿಸ್ಸು, ರೂಲ್ಸ್ ನನಗೆ ಗೊತ್ತಿಲ್ವಾ? ಪಾಪ, ಆಯಮ್ಮ ನೋವಲ್ಲಿ ಏನೋ ಕೇಳಿಸ್ಕೊಂಡಿರಬೇಕು."

ಪಾಪ ಅಂತ ಬೇರೆ ಅಂದನಲ್ಲ, ಆ ನಾಲಿಗೆ ಸೇದಿಹೋಗಬಾರದಿತ್ತೇ.

ಅಕ್ಕ "ಸುಳ್ಳು" ಅಂತ ಏನೋ ಹೇಳಲು ಹೋದಳು, ಜವಾನ ಸದ್ದು ಮಾಡಬೇಡಿ ಅಂದ. ಫೋನಿನ ವಿಷಯಕ್ಕೆ ಸಾಕ್ಷಿ ಇದ್ದರೆ ವಕೀಲರ ಮೂಲಕ ಬೇರೆ ಅರ್ಜಿ ಹಾಕಿ ಅಂದಳು ನ್ಯಾಯಾಧೀಶೆ. ಆಮೇಲೆ ಬರೆಸಿದಳು: ಅಮೀನರ ಸೇವೆಯಲ್ಲಿ ಈವರೆಗೆ ಒಂದೂ ಅಪವಾದವಿಲ್ಲ, ಅವರ ಹೇಳಿಕೆಯನ್ನು ಅನುಮಾನಿಸಲು ಕಾರಣವಿಲ್ಲ. ಭಾನುವಾರದ ಘಟನೆ ಆದೇಶ ಮೀರಿದ್ದೆಂದು ಹೇಳಲು ಬರುವುದಿಲ್ಲ. ಹಲ್ಲೆಗೆ ಸ್ಟೇಷನ್ನಿನಲ್ಲಿ ಬೇರೆ ದೂರು ಕೊಡಬಹುದು. ಜಾರಿ ತಡವಾದದ್ದಕ್ಕೆ ಅಮೀನರಿಗೆ ಎಚ್ಚರಿಕೆ. ಮುಂದಿನ ತಾರೀಕು ಏಳು ವಾರದ ನಂತರ.

ಹೊರಗೆ ವರಾಂಡದಲ್ಲಿ ಗಂಡ ಅಮೀನನ ಹತ್ತಿರ ಬಂದು ಎರಡೂ ಕೈ ಹಿಡಿದುಕೊಂಡ. "ನಿಮ್ಮಂಥವರು ಇರೋದ್ರಿಂದಲೇ ಸಾರ್ ನಮ್ಮಂಥವರು ಬದುಕಿರೋದು. ಯಾವಾಗಾದ್ರೂ ಗ್ಯಾರೇಜ್ ಕಡೆ ಬನ್ನಿ." ಕೈ ಬಿಡಿಸಿಕೊಳ್ಳಲು ಅಮೀನನಿಗೆ ಆಗಲಿಲ್ಲ. ಅವನು ತಾನಾಗಿ ಬಿಡುವವರೆಗೆ ಹಾಗೇ ನಿಂತಿದ್ದ.

ಕೌಂಟರಿನಲ್ಲಿ ಅವಳಿಗೆ ಆದೇಶದ ಪ್ರತಿ ಕೊಡಬೇಕಿತ್ತು. ಕೊಟ್ಟದ್ದಕ್ಕೆ ಸೈನ್ ಬೇಕು. ಅವಳು ಪ್ಲಾಸ್ಟರ್ ಎತ್ತಿ ತೋರಿಸಿದಳು. ಹೆಡ್ ಕ್ಲರ್ಕ್ ತಲೆಯೆತ್ತದೆ, "ಎಡಗೈ ಹೆಬ್ಬೆಟ್ಟು ತಗೊಳ್ಳಿ, ಅಮೀನರೇ," ಅಂದಳು. ಇಂಕಿನ ಡಬ್ಬಿ ತಂದು ಅವಳ ಹೆಬ್ಬೆರಳು ಹಿಡಿದು ಒತ್ತಿಸಿದ್ದು ಅವನೇ. ಬೆರಳು ತಣ್ಣಗಿತ್ತು. ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾದ ಬೆರಳು, ಗುರುತು ಸರಿಯಾಗಿ ಮೂಡಲಿಲ್ಲ, ಇನ್ನೊಂದು ಸಲ ಒತ್ತಿಸಬೇಕಾಯಿತು. ಅಕ್ಕ ದೂರದಲ್ಲಿ ಗೋಡೆಗೆ ಮುಖ ಮಾಡಿ ಅಳುತ್ತಿದ್ದಳು.

ಅವಳು ಇವನನ್ನು ಶಪಿಸುತ್ತಾಳೆ ಅಂತ ಅಮೀನ ಕಾದ. ಶಪಿಸಿದ್ದರೆ ಬದುಕಿಕೊಳ್ಳುತ್ತಿದ್ದ. ಬೆರಳಿನ ಇಂಕನ್ನು ಗೋಡೆಗೆ ಒರೆಸಿಕೊಂಡು ಅವಳು ಮೆಲ್ಲಗೆ ಕೇಳಿದಳು:

"ಅಣ್ಣಾ, ಇನ್ನೊಂದು ಅರ್ಜಿ ಹಾಕಿದ್ರೆ, ಆ ಕಾಗದ ಬೇರೆ ಯಾರಾದ್ರೂ ತಗೊಂಡು ಹೋಗೋ ಥರ ಮಾಡ್ಬಹುದಾ?"

ವ್ಯಂಗ್ಯವಿರಲಿಲ್ಲ. ಆರು ಸಲ ಕೌಂಟರಿಂದ ಕೌಂಟರಿಗೆ ಅಲೆದವಳು ಮತ್ತೊಂದು ಸಲಕ್ಕೆ ದಾರಿ ಕೇಳುತ್ತಿದ್ದಳು. ಇವನಿಗೆ ದಾರಿ ಗೊತ್ತಿತ್ತು. ಬೇಡವೆಂದರೂ ನಾಲಿಗೆ ತಾನಾಗಿ ಹೇಳಿತು.

"ಮಾಡ್ಬಹುದಮ್ಮ. ಮೂರನೇ ಕೌಂಟರಲ್ಲಿ ಒಂದು ಫಾರಂ ಕೊಡ್ತಾರೆ. ಬೇರೆ ಅಮೀನರು ಬೇಕು ಅಂತ ಬರೆದು, ಕಾರಣ ಬರೆದ್ರೆ ಸಾಕು."

"ನನ್ನ ಕೈಲಿ ಬರೆಯೋಕಾಗಲ್ಲ. ನೀವೇ ಬರ್ಕೊಡ್ತೀರಾ?"

ಅವನು ಫಾರಂ ತಂದ. ಬೆಂಚಿನ ಮೇಲೆ ಕೂತು ಅವಳ ಹೆಸರು, ವಿಳಾಸ, ಕೇಸಿನ ನಂಬರು ತುಂಬಿದ. ಬೇಕಾದ್ದು ಎಂಬಲ್ಲಿ ಬೇರೆ ಅಮೀನ ಅಂತ ಬರೆದ. ಕಾರಣ ಎಂಬ ಜಾಗಕ್ಕೆ ಬಂದಾಗ ಪೆನ್ನು ನಿಂತಿತು. ಅವಳು ಅವನ ಪಕ್ಕದಲ್ಲೇ ಕೂತಿದ್ದಳು, ಒಂದೇ ಕಣ್ಣಿನಿಂದ ಫಾರಂ ನೋಡುತ್ತಿದ್ದಳು.

"ಬರೀರಿ ಅಣ್ಣ," ಅಂದಳು. "ಕಾರಣ ನಿಮಗೆ ಗೊತ್ತಲ್ಲ."